ಪದಚರ್ಚೆ: ಸ್ಪ್ರೇ ಪಂಪಿನ ಪೆಟ್ರೋಲಿಗೆ "ಗ್ಯಾಸ್", "ಎಣ್ಣಿ" ಅನ್ನಬಹುದಾ? ಇಟ್ಟು ಕೆಟ್ಟ ಪೆಟ್ರೋಲಿಗೆ ಏನಂತೀರಿ?

ಎಲ್ಲಾರಿಗೂ ನಮಸ್ಕಾರ್ರಿ. ಆಳಂದ ತಾಲೂಕಿನ ನಮ್ಮ ರೈತರ ಗುಂಪಿಗೆ ಒಂದು ಹಾಳಿ ಬರೀಲಾಕತ್ತೀನಿ, ಎರಡು ಮಗ್ಗಲಿನ ಒಂದೇ ಹಾಳಿ. ಪೆಟ್ರೋಲ್ ಮ್ಯಾಲ ಓಡೋ ಸಣ್ಣ ಮಶೀನಿಗೆ, ಅಂದ್ರ ಬೆನ್ನಿಗೆ ಹಾಕ್ಕೊಳ್ಳೋ ಪವರ್ ಸ್ಪ್ರೇಯರ್, ಬದುವಿನ ಹುಲ್ಲು ಹೊಡಿಯೋ ಬ್ರಶ್ ಕಟರ್, ಕಳೆ ತಗಿಯೋ ಸಣ್ಣ ವೀಡರ್ ಇಂಥವಕ್ಕ ಎಂಥ ಪೆಟ್ರೋಲ್ ಹಾಕಬೇಕು, ಉಳಿದದ್ದು ಹ್ಯಾಂಗ ಇಡಬೇಕು ಅಂತ. ಮಶೀನ್ ಜತಿ ಬಂದ ಪುಸ್ತಕ ಇಂಗ್ಲಿಷ್ನ್ಯಾಗ ಅವ, ಒಂದೆರಡಕ್ಕ ಕನ್ನಡದ್ದೂ ಅದ ಆದ್ರ ಅದನ್ನ ಓದಿದ್ರ ಇಂಗ್ಲಿಷೇ ಚಲೋ ಅನಸ್ತದ. ನಾಲ್ಕೈದು ಪದದಾಗ ಸಿಕ್ಕೊಂಡೀನಿ, ನಿಮ್ಮ ಕಡಿ ಏನಂತಾರ ಹೇಳ್ರಿ.

ಮೊದಲ್ನೇದು "ಗ್ಯಾಸ್". ಅಮೇರಿಕಾದ ಮಂದಿ ಪೆಟ್ರೋಲಿಗೆ ಗ್ಯಾಸೋಲಿನ್ ಅಂತಾರ, ಅದನ್ನ ಗಿಡ್ಡ ಮಾಡಿ ಗ್ಯಾಸ್ ಅಂತಾರ, ಇದು ಎಲ್ಲಾರಿಗೂ ಗೊತ್ತಿದ್ದದ್ದೇ. ಅಲ್ಲಿಂದ ಬಂದ ಪುಸ್ತಕದಾಗ "ತಾಜಾ ಗ್ಯಾಸ್ ಹಾಕಿರಿ" ಅಂತಿರ್ತದ, ಯೂಟ್ಯೂಬ್ ವಿಡಿಯೋದಾಗೂ ಅದೇ ಮಾತು. ಈಗ ನಮ್ಮ ಕಡಿ ಹುಡುಗರಿಗೆ ಗ್ಯಾಸ್ ಅಂದ್ರ ಅಡಗಿಮನಿ ಸಿಲಿಂಡರ್, ಅದಕ್ಕ ಚಿಂತಿ ಇಲ್ಲ, ಸಿಲಿಂಡರ್ ತಂದು ಸ್ಪ್ರೇಯರಿಗೆ ಯಾರೂ ಸುರುವಂಗಿಲ್ಲ. ಆದ್ರ ಅರವತ್ತು ದಾಟಿದವರಿಗೆ ಗ್ಯಾಸ್ ಎಣ್ಣಿ ಅಂದ್ರ ಸೀಮೆಎಣ್ಣಿ! ಚಿಮಣಿ ಎಣ್ಣಿ ಅಂತಾರ, ಬೀದರ ಕಡಿ ಮರಾಠಿ ಮನಿಯವರು ಘಾಸಲೇಟ್ ಅಂತಾರ. ರೇಷನ್ನಿನ ನೀಲಿ ಎಣ್ಣಿ ನೆಪ್ಪದ ಅಲ್ರಿ, ಅದೇ. ಮತ್ತ ಅವರ ಕಾಲದಾಗ ನೀರೆತ್ತೋ ಪಂಪ್ ಹಾಂಗೇ ಓಡ್ತಿದ್ದು, ಸಣ್ಣ ಟಾಕಿಯಾಗ ಪೆಟ್ರೋಲ್, ದೊಡ್ಡ ಟಾಕಿಯಾಗ ಚಿಮಣಿ ಎಣ್ಣಿ, ಪೆಟ್ರೋಲ್ ಮ್ಯಾಲ ಚಾಲೂ ಮಾಡಿ ಇಂಜಿನ್ ಬಿಸಿ ಆದಮ್ಯಾಲ ಕಾಕ್ ತಿರುವಿ ಎಣ್ಣಿಗೆ ಹಾಕ್ತಿದ್ರು. ಅಂಥವರ ಮುಂದ "ಗ್ಯಾಸ್ ಹಾಕ್ರಿ" ಅಂದ್ರ ಅವರು ಹಾಕೋದು ಯಾವ್ದು ಅಂತ ನೀವೇ ಹೇಳ್ರಿ. ಈಗಿನ ಸಣ್ಣ ಮಶೀನು ಪೆಟ್ರೋಲಿಗೇ ಮಾಡಿದ್ದು, ಸೀಮೆಎಣ್ಣಿ ತಣ್ಣನ ಇಂಜಿನ್ನ್ಯಾಗ ಪೆಟ್ರೋಲಿನಂಗ ಸರಳ ಆವಿ ಆಗಂಗಿಲ್ಲ, ಹಗ್ಗ ಎಳ್ದು ಎಳ್ದು ರಟ್ಟಿ ಬೀಳ್ತಾವ ಹೊರ್ತು ಚಾಲೂ ಆಗಂಗಿಲ್ಲ, ಚಾಲೂ ಆದ್ರೂ ಹೊಗಿ ಉಗುಳ್ತದ. ಅದಕ್ಕ ಗ್ಯಾಸ್ ಅನ್ನೋ ಪದ ನಮ್ಮ ಹಾಳಿಯಾಗ ಬರೋದೇ ಬ್ಯಾಡ ಅಂತ ನಿರ್ಧಾರ ಮಾಡೀನಿ. ಇದ್ರ ಬಗ್ಗಿ ವಾದ ಇದ್ರ ಮಾಡ್ರಿ, ಆದ್ರ ನಾ ಬದಲಿ ಮಾಡೋನಲ್ಲ.

ಎರಡ್ನೇದು "ಎಣ್ಣಿ", ಇದು ಭಾಳ ತಲಿನೋವಿನ ಪದ. ಹೋದಸಲ ಇಲ್ಲೊಬ್ಬರು ಪೆಟ್ರೋಲಿಗೆ "ಕಲ್ಲೆಣ್ಣೆ" ಅನ್ರಿ ಅಂದಿದ್ರು, ಪದ ಚಂದ ಅದ, ಮೂಲ ಗ್ರೀಕ್ ಲ್ಯಾಟಿನ್ ಅರ್ಥಕ್ಕೂ ಸರಿ ಅದ, ಕಲ್ಲಿನ ಎಣ್ಣಿ. ಆದ್ರ ಹೊಲದಾಗ ನಡಿಯಂಗಿಲ್ಲ. ಎಳ್ಳಿನ ನೆಯ್ ಎಣ್ಣೆ ಆಯ್ತು ಅಂತ ನಮಗ ಗೊತ್ತು, ಸಂಸ್ಕೃತದ ತೈಲನೂ ತಿಲ ಅಂದ್ರ ಎಳ್ಳಿಂದೇ ಹುಟ್ಟ್ಯದ, ಆದ್ರ ಈಗ ತೊಗರಿ ಹೊಲದಾಗ ನಿಂತು "ಎಣ್ಣಿ" ಅಂದ್ರ ಮೊದಲ ನೆನಪಾಗೋದು ಕೀಟನಾಶಕ. "ಇವತ್ತ ಎಣ್ಣಿ ಹೊಡೀಲಾಕ ಹೋಗ್ಯಾರ" ಅಂದ್ರ ಕಾಯಿಕೊರಕ ಹುಳಕ್ಕ ಔಷಧ ಹೊಡೀಲಾಕತ್ತಾರ ಅಂತ. (ಸಂಜಿಮುಂದ ಅದೇ ಮಾತು ಅಂದ್ರ ಅರ್ಥ ಬ್ಯಾರೆ, ಅದು ಬಿಡ್ರಿ.) ಈಗ ಟೂ ಸ್ಟ್ರೋಕ್, ಅಂದ್ರ ಪೆಟ್ರೋಲ್ನ್ಯಾಗೇ ಆಯಿಲ್ ಕಲಸಿ ಓಡಿಸೋ ಇಂಜಿನ್ನಿನ ಸ್ಪ್ರೇಯರ್ ನೋಡ್ರಿ, ಮ್ಯಾಲಿನ ಟಾಕಿಯಾಗ ಔಷಧ, ಕೆಳಗಿನ ಸಣ್ಣ ಟಾಕಿಯಾಗ ಪೆಟ್ರೋಲ್, ಆ ಪೆಟ್ರೋಲ್ನ್ಯಾಗ ಕಲಸೋ ಟೂಟಿ ಆಯಿಲ್, ಮೂರಕ್ಕೂ ಎಣ್ಣಿ ಅಂತಾರ! "ಎಣ್ಣಿ ಹಾಕಿದ್ಯೇನೋ ತಮ್ಮಾ" ಅಂದ್ರ ಹುಡುಗ "ಹೂಂ ಕಾಕಾ" ಅಂತಾನ, ಯಾವ ಎಣ್ಣಿ ಹಾಕ್ಯಾನ ಅಂತ ಕೇಳೋರಿಲ್ಲ. ಟೂಟಿ ಆಯಿಲ್ ಹಾಕದೇ ಬರೇ ಪೆಟ್ರೋಲ್ ಮ್ಯಾಲ ಓಡಿಸಿದ್ರ ಒಳಗ ಜಾರಾಕ ಏನೂ ಇರಂಗಿಲ್ಲ, ಪಿಸ್ಟನ್ ಹಿಡೀತದ, ಹೊಸ ಮಶೀನ್ ಗುಜರಿಗೆ.

ಹಿಂಗಾಗಿ ನನ್ನ ಹಾಳಿಯಾಗ ಪೆಟ್ರೋಲಿಗೆ ಪೆಟ್ರೋಲ್, ಕಲಸೋದಕ್ಕ ಟೂಟಿ ಆಯಿಲ್, ಮ್ಯಾಲಿನ ಟಾಕಿಗೆ ಔಷಧ. ಇಂಧನ ಅಂತನೂ ಬರದಿಲ್ಲ, ಸಂಸ್ಕೃತದಾಗ ಇಂಧನ ಅಂದ್ರ ಉರುವಲು ಕಟಿಗಿ, ಈಗ ಪೇಪರ್ನ್ಯಾಗ ಎಲ್ಲಾದಕ್ಕೂ ಇಂಧನನೇ, ಡೀಸೆಲ್ಲೂ ಇಂಧನ. ಡೀಸೆಲ್ ತಂದು ಹಾಕಿದ್ರ ಯಾರ್ ಜವಾಬ್ದಾರಿ?

ಪ್ರಮಾಣ ಬರಿಯೋದೂ ಒಂದು ತೊಡಕು. ಪುಸ್ತಕದಾಗ 50:1 ಇಲ್ಲಾ 25:1 ಅಂತಿರ್ತದ, ಇದನ್ನ "ಐವತ್ತಕ್ಕ ಒಂದು" ಅಂದ್ರ ಮಂದಿ ಐವತ್ತು ಮಿಲಿ ಆಯಿಲ್ಗೆ ಒಂದು ಲೀಟರ್ ಅಂತ ತಿಳ್ಕೊತಾರ. 50:1 ಇದ್ರ ಲೀಟರ್ ಪೆಟ್ರೋಲಿಗೆ 20 ಮಿಲಿ ಟೂಟಿ ಆಯಿಲ್, 25:1 ಇದ್ರ ಲೀಟರಿಗೆ 40 ಮಿಲಿ, ಹಿಂಗ ಬರದುಬಿಟ್ರ ಮುಗೀತು. ಯಾವ ಮಶೀನಿಗೆ ಎಷ್ಟು ಅನ್ನೋದು ಆ ಮಶೀನಿನ ಪುಸ್ತಕದ ಮಾತು, ಫೋರ್ ಸ್ಟ್ರೋಕ್ ವೀಡರಿಗೆ ಪೆಟ್ರೋಲ್ನ್ಯಾಗ ಏನೂ ಕಲಸಂಗಿಲ್ಲ, ಅದ್ರ ಆಯಿಲ್ ಇಂಜಿನ್ನ್ಯಾಗ ಬ್ಯಾರೆನೇ ಹಾಕೋದು.

ಈಗ ಖರೇ ಪ್ರಶ್ನೆಗೆ ಬರ್ತೀನಿ. ಪೆಟ್ರೋಲ್ ಇಟ್ಟು ಇಟ್ಟು ಕೆಡೋದಕ್ಕ ಯಾವ ಕ್ರಿಯಾಪದ? ನಮ್ಮ ಕಡಿ ಇದು ದೊಡ್ಡ ವಿಷಯ ಯಾಕಂದ್ರ ತೊಗರಿಗೆ ಹೂವು ಕಾಯಿ ಬರೋ ಹೊತ್ತಿನ್ಯಾಗ ಪಂಪ್ ಬಿಡುವಿಲ್ಲದೇ ಓಡ್ತದ, ರಾಶಿ ಆದಮ್ಯಾಲ ಮೂಲಿಗೆ ಬಿದ್ದದ್ದು ಮುಂದಿನ ಮಳಿಗಾಲಕ್ಕೇ ಹೊರಗ ಬರೋದು, ನಡುವ ನಮ್ಮ ಬ್ಯಾಸಿಗಿ, 40 ಡಿಗ್ರಿ ದಾಟಿದ ಬಿಸಲು, ತಗಡಿನ ಶೆಡ್ಡು. ಟಾಕಿಯಾಗಿನ ಪೆಟ್ರೋಲ್ ಏನಾಗಬೇಕ್ರಿ. ಇಂಗ್ಲಿಷ್ ಪುಸ್ತಕದಾಗ ಹಳೇ ಬ್ರೆಡ್ಡಿಗೆ ಅನ್ನೋ "ಸ್ಟೇಲ್" ಪದನೇ ಇದಕ್ಕೂ ಅಂತಾರ. ಕನ್ನಡದಾಗ "ಹಳಸ್ಯದ" ಅಂದ್ರ ಅನ್ನ ಸಾರು ನೆನಪಾಗ್ತದ, "ಕೌಟು ಹತ್ಯದ" ಅಂದ್ರ ಶೇಂಗಾ ಎಣ್ಣಿ, "ಕೆಟ್ಟದ" ಅಂದ್ರ ಏನ್ ಕೆಟ್ಟದ ಹ್ಯಾಂಗ ಕೆಟ್ಟದ ತಿಳಿಯಂಗಿಲ್ಲ. ನಮ್ಮ ಊರ ಮೆಕ್ಯಾನಿಕ್ ಮಾತ್ರ ಮೂಗಿಗೆ ಹಿಡ್ದು ನೋಡಿ "ಹಾರ್ಯದ, ದಮ್ಮಿಲ್ಲ ಇದ್ರಾಗ" ಅಂತಾನ. ನನಗ ಇದೇ ಹಿಡಿಸ್ಯದ. ಯಾಕಂದ್ರ ಪೆಟ್ರೋಲ್ ಅಂದ್ರ ಒಂದೇ ವಸ್ತು ಅಲ್ಲ, ಹಗುರಂದೂ ಭಾರಂದೂ ಕೂಡಿದ್ದು, ಹಗುರಂದೇ ಇಂಜಿನ್ ಚಾಲೂ ಆಗಾಕ ಬೇಕಾದ್ದು, ಬಿಸಲಿಗೆ ಮೊದಲ ಹಾರೋದೂ ಅದೇ. ಉಳಿದದ್ದು ಗಾಳಿ ಕೂಡ ಸೇರಿ ಅಂಟು ಆಗಿ ಕಾರ್ಬೋರೇಟರ್ ಜೆಟ್, ಅಂದ್ರ ಇಂಜಿನ್ನಿಗೆ ಪೆಟ್ರೋಲ್ ಬಿಡೋ ಸಣ್ಣ ತೂತು, ಕಟ್ತದ. ಈ ಅಂಟಿಗೆ ಕನ್ನಡ ಪುಸ್ತಕದಾಗ "ವಾರ್ನಿಶ್" ಅಂತ ಹಾಕ್ಯಾರ, ಓದಿದವ ಬಡಿಗೇರನ ಕರೀಬೇಕಾ ಮೆಕ್ಯಾನಿಕ್ನ ಕರೀಬೇಕಾ? ನಾ ಬರೇ "ಅಂಟು" ಅಂತ ಬರದೀನಿ, ಗೋಂದು ಅನ್ನೋರೂ ಅದಾರ.

ಇನ್ನೊಂದು ಥರ ಕೆಡೋದು ಅದ, ಅದಕ್ಕ ಬ್ಯಾರೆ ಪದ ಬೇಕು. ಈಗ ಬಂಕಿನ್ಯಾಗ ಸಿಗೋದು ಎಥನಾಲ್ ಕೂಡಿಸಿದ ಪೆಟ್ರೋಲ್, ಇ20 ಅಂತಾರಲ್ಲ, 100ಕ್ಕ 20 ಪಾಲು ಎಥನಾಲ್. 2023ರ ಫೆಬ್ರವರಿಯಾಗ ಬೆಂಗಳೂರಾಗ ಚಾಲೂ ಮಾಡಿದ್ರು, 2025ರ ಹೊತ್ತಿಗೆ ದೇಶದ ತುಂಬ ಅದೇ ಆಯ್ತು. ಕಬ್ಬಿನ ಕಾಕಂಬಿ, ಮೆಕ್ಕೆಜೋಳ ಇವುಗಳಿಂದ ಮಾಡ್ತಾರ, ಅಂದ್ರ ಸಂಜಿಮುಂದಿನ ಎಣ್ಣಿಯೊಳಗಿನ ಮಾಲೇ ಪೆಟ್ರೋಲಿಗೂ ಬಂದದ. ಸಣ್ಣ ಮಶೀನಿನ ಭಾಳಷ್ಟು ಪುಸ್ತಕದಾಗ 10 ಪಾಲಿಗಿಂತ ಜಾಸ್ತಿ ಎಥನಾಲ್ ಬ್ಯಾಡ ಅಂತ ಬರದಿರ್ತದ, ಹಳೇ ರಬ್ಬರ್ ಪೈಪು, ವಾಷರ್ ಮೆತ್ತಗಾಗ್ತಾವ. ಎಥನಾಲ್ ಗಾಳಿಯಾಗಿನ ನೀರು ಎಳ್ಕೊತದ, ಮಳಿಗಾಲದಾಗ ಮುಚ್ಚಳ ಸಡ್ಲ ಇದ್ರ ಎಳ್ಕೊಂಡು ಎಳ್ಕೊಂಡು ಒಂದಿನ ನೀರೂ ಎಥನಾಲೂ ಕೂಡೇ ಪೆಟ್ರೋಲ್ ಬಿಟ್ಟು ತಳಕ್ಕ ಇಳೀತಾವ, ಟಾಕಿಯ ಪೈಪ್ ಹೀರೋದು ತಳದಿಂದೇ. ಇದಕ್ಕೊಬ್ಬ ಗೆಳೆಯ "ಪೆಟ್ರೋಲ್ ಒಡದದ" ಅಂತ ಬರಿ ಅಂದ, ಆದ್ರ ಒಡದದ ಅಂದ್ರ ಟಾಕಿನೇ ಒಡದದ ಅಂತ ಓಡಿ ಬರ್ತಾರ. ನಾ "ಪೆಟ್ರೋಲ್ ನೀರು ಬಿಟ್ಟದ" ಅಂತ ಬರದೀನಿ, ಮೊಸರು ನೀರು ಬಿಡ್ತದ ಅಂತೀವಲ್ಲ ಹಾಂಗ. ಸರಿ ಅನಸ್ತದಾ?

ಇಲ್ಲೇ ಒಂದು ನಗಿ ಮಾತು. ಪುಸ್ತಕದಾಗ "ಸ್ಟೆಬಿಲೈಜರ್ ಹಾಕಿ ಇಡಿರಿ" ಅಂತದ. ನಮ್ಮಲ್ಲಿ ಸ್ಟೆಬಿಲೈಜರ್ ಅಂದ್ರ ಫ್ರಿಜ್ಜಿಗೆ ಕರೆಂಟ್ ಸರಿ ಮಾಡೋ ಡಬ್ಬಿ. "ಪೆಟ್ರೋಲ್ ಕಾಯೋ ಔಷಧ" ಅನ್ನೋಣ ಅಂದ್ರ ಔಷಧ ಮ್ಯಾಲಿನ ಟಾಕಿಗೆ ಕೊಟ್ಟಾಗ್ಯದ. ಅದು ತಾಜಾ ಪೆಟ್ರೋಲಿಗೇ ಹಾಕಬೇಕಾದ್ದು, ಕೆಟ್ಟದ್ದನ್ನ ಸರಿ ಮಾಡಂಗಿಲ್ಲ. ಹೆಂಗೂ ನಮ್ಮ ಅಂಗಡಿಯಾಗ ಸರಳ ಸಿಗಂಗಿಲ್ಲ, ನಾ ಆ ಸಾಲೇ ತಗದುಬಿಟ್ಟು "ರಾಶಿ ಆದಮ್ಯಾಲ ಟಾಕಿ ಖಾಲಿ ಮಾಡ್ರಿ, ಕಾಕ್ ಬಂದ್ ಮಾಡಿ ತಾನೇ ಬಂದ್ ಆಗೋತನಕ ಓಡಸ್ರಿ" ಅಂತ ಹಾಕೀನಿ. ಮತ್ತ ಜಾಸ್ತಿ ರೊಕ್ಕದ ಪ್ರೀಮಿಯಂ ಪೆಟ್ರೋಲ್ ಹಾಕಿದ್ರ ಕೆಡಂಗಿಲ್ಲ ಅನ್ನೋ ನಂಬಿಕಿನೂ ಅದ, ಆದ್ರ ಪ್ರೀಮಿಯಂದಾಗ ಜಾಸ್ತಿ ಅನ್ನೋ ಆಕ್ಟೇನ್ ನಂಬರ್ ಇಂಜಿನ್ ಟಕಟಕ ಬಡಿಯೋದನ್ನ ತಡಿಯೋದಕ್ಕ ಸಂಬಂಧ, ಪೆಟ್ರೋಲಿನ ಬಾಳಿಕಿಗೆ ಅಲ್ಲ. ಒಂದು ತಿಂಗಳದಾಗ ಖರ್ಚಾಗುವಷ್ಟೇ ತರ್ರಿ, ಇದಕ್ಕಿಂತ ಚಲೋ ಉಪಾಯ ಇಲ್ಲ.

ಕೊನೀ ಪದ ಕಾಯ್ದೆಯಿಂದ. 1934ರ ಪೆಟ್ರೋಲಿಯಂ ಕಾಯ್ದೆಯ 8ನೇ ಕಲಮು ಹೇಳೋದೇನಂದ್ರ ಮಾರಾಟಕ್ಕಲ್ಲದ ಪೆಟ್ರೋಲ್ 30 ಲೀಟರ್ತನಕ ಲೈಸೆನ್ಸ್ ಇಲ್ಲದೇ ಇಡಬಹುದು, ಆದ್ರ ಗಾಜು ಇಲ್ಲಾ ಪಿಂಗಾಣಿ ಥರದ ಪಾತ್ರಿ ಇದ್ರ ಒಂದು ಲೀಟರ್ ಒಳಗ, ಲೋಹದ್ದಿದ್ರ 25 ಲೀಟರ್ ಒಳಗ, ಮತ್ತ ಬಿಗಿ ಬಿರಡೆ ಇರಬೇಕು. ಆ ಪಿಂಗಾಣಿ ಥರದ್ದಕ್ಕ ನಮ್ಮ ಪದ ಭರಣಿನಾ, ಜಾಡಿನಾ? ಬಿರಡೆಗೆ ನಮ್ಮ ಕಡಿ ಬೂಚು ಅಂತಾರ, ಅದೇ ಹಾಕೀನಿ. ನೀರಿನ ಪ್ಲಾಸ್ಟಿಕ್ ಬಾಟ್ಲಿ ಆ ಪಟ್ಟಿಯಾಗೇ ಇಲ್ಲ ನೋಡ್ರಿ, ನಮ್ಮ ಮಂದಿ ಇಡೋದು ಬರೇ ಅದ್ರಾಗೇ, ಅದೂ ಕುಡಿಯೋ ನೀರಿನ ಮಗ್ಗಲಿಗೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡ್ದು ಹರ್ಕೋತ ಒಲಿತನಕ ಹೋಗ್ತದ, ಇದನ್ನ ದಪ್ಪ ಅಕ್ಷರದಾಗ ಹಾಕಸ್ತೀನಿ.

ಬೀದರ, ಯಾದಗಿರಿ ಕಡಿಯವರು "ಹಾರ್ಯದ", "ನೀರು ಬಿಟ್ಟದ" ಇವೆರಡಕ್ಕ ನಿಮ್ಮಲ್ಲಿ ಏನಂತಾರ ಬರೀರಿ, ಸುರಪುರ ಕಡಿ ಬ್ಯಾರೆ ಇರಬಹುದು ಅಂತ ನನ್ನ ಅನುಮಾನ. ಹಾಂ, ಚಾಲೂ ಮಾಡೋ ಮುಂದ ಬೊಟ್ಟಿಲೆ ಒತ್ತೋ ಆ ಪಾರದರ್ಶಕ ರಬ್ಬರ್ ಗುಳ್ಳಿ ಅದಲ್ಲ, ಪೆಟ್ರೋಲ್ ಮ್ಯಾಲ ಎಳಿಯೋದು, ಅದಕ್ಕೂ ಯಾರದಾದ್ರೂ ಬಾಯಾಗ ಹೆಸರಿದ್ರ ಹೇಳ್ರಿ. ತೊಗರಿ ಹೂವಿಗೆ ಬರೋದ್ರೊಳಗ ಹಾಳಿ ಪ್ರಿಂಟಿಗೆ ಕೊಡಬೇಕು.