ಬಿಯರ್ ಗ್ರಾವಿಟಿ 1.024ರಲ್ಲೇ ನಿಂತುಬಿಟ್ಟಿದೆ, ಈಸ್ಟ್ ಸತ್ತಿದೆಯಾ?

ಹೊಸಬ_ಮಿನಿಯಾಪೊಲಿಸ್: ತಲೆ ಕೆಟ್ಟುಹೋಗಿದೆ ಸಾರ್. ಮನೆಯಲ್ಲಿ ಮೊದಲ ಸಲ ಬಿಯರ್ ಮಾಡುತ್ತಿದ್ದೇನೆ, ಪೇಲ್ ಏಲ್ ಕಿಟ್, 5 ಗ್ಯಾಲನ್. ಶುರುವಿನಲ್ಲಿ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಸಕ್ಕರೆ ಕರಗುತ್ತಾ ಹೋದಂತೆ ಇಳಿಯುವುದು) 1.048 ಇತ್ತು, ಕೊನೆಗೆ 1.010ಕ್ಕೆ ಇಳಿಯುತ್ತದೆ ಅಂತ ಕಿಟ್‌ನ ಹಾಳೆಯಲ್ಲಿದೆ. ಇದು 1.024ಕ್ಕೆ ಬಂದು ಕೂತಿದೆ, ವಾರದಿಂದ ಅಲ್ಲಾಡಿಲ್ಲ. ಗ್ಯಾಸ್ ಹೊರಗೆ ಬಿಡುವ ಏರ್‌ಲಾಕ್‌ನಲ್ಲಿ ಗುಳ್ಳೆಯೂ ಇಲ್ಲ. ಎಲ್ಲ ಸರಿಯಾಗೇ ಮಾಡಿದ್ದೇನೆ. ಚೆಲ್ಲಿಬಿಡಲಾ?

ಮಾಲ್ಟ್_ಮಾವ: ಚೆಲ್ಲಬೇಡಿ! ಯಾವ ಈಸ್ಟ್, ಎಷ್ಟು ಟೆಂಪರೇಚರ್, ಏನೂ ಹೇಳದೆ ಎಲ್ಲ ಸರಿ ಅಂದರೆ ಹೇಗೆ?

ಹೊಸಬ_ಮಿನಿಯಾಪೊಲಿಸ್: ಯುಎಸ್-05, ಒಂದು ಪ್ಯಾಕೆಟ್. ಬೇಸ್‌ಮೆಂಟ್‌ನಲ್ಲಿದೆ, 64 ಫ್ಯಾರನ್‌ಹೀಟ್.

ಮಾಲ್ಟ್_ಮಾವ: ನೋಡಿ, ಚಳಿಗೆ ಈಸ್ಟ್ ಮಲಗಿದೆ. ಬಕೆಟ್ ಮೇಲಕ್ಕೆ ತನ್ನಿ, 70ಕ್ಕೆ ಏರಿಸಿ, ಮೆಲ್ಲಗೆ ತಿರುಗಿಸಿ ತಳದ ಈಸ್ಟ್ ಎಬ್ಬಿಸಿ. ಆಗಲಿಲ್ಲ ಅಂದ್ರೆ ಸೆಕೆಂಡರಿ ಮಾಡಿ, ಅಂದ್ರೆ ಬೇರೆ ಪಾತ್ರೆಗೆ ವರ್ಗಾಯಿಸಿ ಹುದುಗಲು ಬಿಡಿ.

ಕೆಗ್_ಕಾಕಾ: ಮಾವ, 64 ಎಲ್ಲಿಯ ಚಳಿ? 05ಗೆ ಅದು ಆರಾಮ. ಸೆಕೆಂಡರಿ ಅಂತೂ ಬೇಡವೇ ಬೇಡ, ಗಾಳಿ ಸೇರಿದರೆ ಒದ್ದೆ ರಟ್ಟಿನ ರುಚಿ ಬರುತ್ತದೆ. ನಾನು ಸ್ಟೇನ್‌ಲೆಸ್ ಕೋನಿಕಲ್ (ತಳ ಶಂಕುವಿನಂತಿರುವ ಹುದುಗಿಸುವ ಪಾತ್ರೆ) ತಗೊಂಡ ಮೇಲೆ ಈ ರಗಳೆಯೇ ಇಲ್ಲ, ತಂಪು ಮಾಡುವ ಗ್ಲೈಕಾಲ್ ಚಿಲ್ಲರ್ ಹಾಕಿದ್ದೇನೆ, ಕೆಳಗಿನ ವಾಲ್ವ್ ತಿರುಗಿಸಿದರೆ ಈಸ್ಟ್ ಹೊರಗೆ, ಬಿಯರ್ ಒಳಗೆ.

ಮಾಲ್ಟ್_ಮಾವ: ಹೊಸಬರಿಗೆ ಚಿಲ್ಲರ್ ಕಥೆ ಯಾಕೆ ಮಾರಾಯ್ರೇ? ನಾನು ಪ್ಲಾಸ್ಟಿಕ್ ಬಕೆಟ್‌ನಲ್ಲೇ ಮಾಡುವುದು. ಸೆಕೆಂಡರಿಯೂ ಮಾಡುತ್ತೇನೆ. ಕುಡಿದವರು ಯಾರೂ ರಟ್ಟು ಅಂದಿಲ್ಲ.

ಜಯನಗರ_ಹುಡುಗ: ಗುರು, ಇದನ್ನು ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ಮಾಡಬಹುದಾ?

ಕೆಗ್_ಕಾಕಾ: ಬೇಡಪ್ಪಾ. ಕರ್ನಾಟಕ ಅಬಕಾರಿ ಕಾಯ್ದೆ, 1965. ಲೈಸೆನ್ಸ್ ಇಲ್ಲದೆ ಮಾಡುವ ಹಾಗಿಲ್ಲ. ಇಲ್ಲಿ ಅಮೆರಿಕದಲ್ಲೂ 1978ರ ಕಾನೂನು ಬಂದ ಮೇಲೇ ದಾರಿ ಆಯ್ತು. ದೊಡ್ಡವರು ಇಬ್ಬರಿದ್ದರೆ ಮನೆಗೆ ವರ್ಷಕ್ಕೆ 200 ಗ್ಯಾಲನ್, ಮಾರುವ ಹಾಗಿಲ್ಲ.

ಹೊಸಬ_ಮಿನಿಯಾಪೊಲಿಸ್: ನನ್ನ ಬಿಯರ್ ಕಥೆ ಏನಾಯ್ತು? ಮೇಲಕ್ಕೆ ತಂದಿಟ್ಟಿದ್ದೇನೆ, 70 ಇದೆ. ಅದೇ 1.024.

ಹಾಪ್ಸ್_ಅಕ್ಕ: ಯಾವುದರಲ್ಲಿ ಅಳೆಯುತ್ತಿದ್ದೀರಿ?

ಹೊಸಬ_ಮಿನಿಯಾಪೊಲಿಸ್: ರಿಫ್ರ್ಯಾಕ್ಟೋಮೀಟರ್. ಎರಡು ಹನಿ ಸಾಕು ಅಲ್ವಾ. ಮೊದಲು 12 ಬ್ರಿಕ್ಸ್ (ಸಕ್ಕರೆಯ ಅಳತೆ), ಈಗ 6, ಅಂದರೆ 1.024.

ಹಾಪ್ಸ್_ಅಕ್ಕ: ಅಲ್ಲೇ ಇದೆ ನೋಡಿ. ಅದು ಬೆಳಕು ಎಷ್ಟು ಬಾಗುತ್ತದೆ ಅಂತ ನೋಡಿ ಸಕ್ಕರೆ ಲೆಕ್ಕ ಹೇಳುತ್ತದೆ. ಹುದುಗುವ ಮೊದಲು ಸರಿಯೇ. ಆಲ್ಕೋಹಾಲ್ ಹುಟ್ಟಿದ ಮೇಲೆ ಅದೂ ಬೆಳಕನ್ನು ಬಾಗಿಸುತ್ತದೆ, ಅದಕ್ಕೇ ಜಾಸ್ತಿ ತೋರಿಸುತ್ತದೆ. 12ರಿಂದ 6ಕ್ಕೆ ಬಂದಿದ್ದರೆ ನಿಜವಾದ ಗ್ರಾವಿಟಿ 1.011ರ ಆಸುಪಾಸು. ಆನ್‌ಲೈನ್ ಕ್ಯಾಲ್ಕುಲೇಟರ್‌ಗಳಿವೆ, ಎರಡೂ ಅಂಕಿ ಹಾಕಿ ನೋಡಿ. ನಿಮ್ಮ ಈಸ್ಟ್ ಕೆಲಸ ಮುಗಿಸಿ ಕೂತಿದೆ.

ಮಾಲ್ಟ್_ಮಾವ: ಇರಬಹುದು. ಆದರೂ 64 ಕಡಿಮೆಯೇ.

ಹಾಪ್ಸ್_ಅಕ್ಕ: ಬಾಟಲಿಗೆ ತುಂಬುವ ಮುಂಚೆ ಒಂದು ಸಲ ಬಿಯರ್‌ನಲ್ಲಿ ತೇಲಿಸಿ ಅಳೆಯುವ ಹೈಡ್ರೋಮೀಟರ್‌ನಲ್ಲಿ ನೋಡಿಬಿಡಿ. ಅಕಸ್ಮಾತ್ ಇದು ನಿಜವಾಗಿಯೂ 1.024 ಆಗಿದ್ದು, ಅದರ ಮೇಲೆ ಗ್ಯಾಸ್ ಹುಟ್ಟಲು ಬಾಟಲಿಗೆ ಹಾಕುವ ಪ್ರೈಮಿಂಗ್ ಸಕ್ಕರೆಯೂ ಬಿದ್ದರೆ ಬಾಟಲಿ ಸಿಡಿಯುತ್ತದೆ. ಗಾಜು ಅದು, ಹುಡುಗಾಟ ಅಲ್ಲ.

ಹೊಸಬ_ಮಿನಿಯಾಪೊಲಿಸ್: ಆರ್ಡರ್ ಮಾಡಿದ್ದೇನೆ. ಗುರುವಾರ ಬರುತ್ತದೆ.

ಕೆಗ್_ಕಾಕಾ: ಬಾಟಲಿ ಯಾಕೆ, ಕೆಗ್ (ಲೋಹದ ಪೀಪಾಯಿ) ತಗೊಳ್ಳಿ. ನನ್ನ ಕೀಜರ್‌ಗೆ (ಕೆಗ್ ಇಡುವ ಫ್ರೀಜರ್) ಈಗ ನಾಲ್ಕು ಟ್ಯಾಪ್. ಒಂದರಲ್ಲಿ ರಾಗಿ ಮಾಲ್ಟ್ ಹಾಕಿದ ಏಲ್ ಇದೆ.

ಜಯನಗರ_ಹುಡುಗ: ರಾಗಿನಾ? ರೆಸಿಪಿ ಹಾಕಿ ಕಾಕಾ!

ಕೆಗ್_ಕಾಕಾ: ಬೇರೆ ಥ್ರೆಡ್ ತೆಗೆಯುತ್ತೇನೆ, ಫೋಟೋ ಸಮೇತ.

ಹಾಪ್ಸ್_ಅಕ್ಕ: ಹೊಸಬರೇ, ಗುರುವಾರ ಆಗಿಹೋಯ್ತು. ಎಷ್ಟು ಬಂತು?