ಕೈಗೆ ಕಟ್ಟೋ ಮೆಷಿನ್‌ನಲ್ಲಿ ಬಿಪಿ ಸರಿ ಇದೆ, ಎಕೋದಲ್ಲಿ ‘ಪ್ರೆಶರ್’ ಅಂತ ಬಂದಿದೆ. ಅಪ್ಪನಿಗೆ ಎಂಫಿಸೀಮಾ

ಪುಷ್ಪಗಿರಿ_ತಪ್ಪಲು:

ಎಲ್ಲರಿಗೂ ನಮಸ್ಕಾರ. ನಮ್ಮದು ಸೋಮವಾರಪೇಟೆ ತಾಲ್ಲೂಕು, ಶಾಂತಳ್ಳಿ ಕಡೆ. ಅಪ್ಪನಿಗೆ 67. ಸ್ವಲ್ಪ ಕಾಫಿ ತೋಟ, ಮರಕ್ಕೆ ಹಬ್ಬಿಸಿದ ಮೆಣಸು. ಹುಡುಗನಾಗಿದ್ದಾಗಿಂದ ಬೀಡಿ. ಈಗ ಬಿಟ್ಟಿದ್ದಾರೆ. ನಮ್ಮ ಮಾತು ಕೇಳಿ ಬಿಟ್ಟಿದ್ದಲ್ಲ, ಮೆಣಸು ಕುಯ್ಯೋಕೆ ಏಣಿ ಹತ್ತಿದ್ರೆ ಅರ್ಧಕ್ಕೇ ದಮ್ಮು ಕಟ್ಟಿ ಇಳಿಯೋ ಹಾಗಾಯ್ತು, ಅದಕ್ಕೆ.

ಮೈಸೂರಲ್ಲಿ ಸ್ಕ್ಯಾನ್ ಮಾಡಿಸಿದಾಗ ಎಂಫಿಸೀಮಾ (ಶ್ವಾಸಕೋಶದ ಗಾಳಿಗೂಡು ಹಾಳಾಗೋ ಕಾಯಿಲೆ) ಅಂತ ಬಂತು. ದಿನಾ ಎರಡು ಹೊತ್ತು ದಮ್ಮಿನ ಔಷಧಿಯ ಪಂಪು ಎಳೀತಾರೆ. ಆಗಲೇ ಬಿಪಿನೂ 160/94 ಇತ್ತು. ಆಮ್ಲೋಡಿಪಿನ್ ಶುರು ಮಾಡಿದ ಮೇಲೆ ಮನೆ ಮೆಷಿನ್‌ನಲ್ಲಿ 128/80ರ ಆಸುಪಾಸು ನಿಂತಿದೆ.

ಮೊನ್ನೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದ್ವಿ. ರಿಪೋರ್ಟಲ್ಲಿ ‘ಆರ್‌ವಿಎಸ್‌ಪಿ 46’ ಅಂತಿದೆ, ಪಕ್ಕದಲ್ಲಿ ‘ಪಲ್ಮನರಿ ಹೈಪರ್‌ಟೆನ್ಷನ್’. ಹೊರಗೆ ಸಾಲು ಉದ್ದ ಇತ್ತು, ಡಾಕ್ಟರು “ಶ್ವಾಸಕೋಶದಲ್ಲೂ ಪ್ರೆಶರ್ ಇದೆ, ನೋಡ್ಕೊಳ್ಳೋಣ” ಅಂದು ಕಳಿಸಿದ್ರು. ಅಪ್ಪ ದಾರಿ ಉದ್ದಕ್ಕೂ ಒಂದೇ ಮಾತು: “ಮಾತ್ರೆ ತಿಂದು ಬಿಪಿ ಇಳಿಸಿದೀನಲ್ಲ, ಇನ್ಯಾವ ಪ್ರೆಶರ್ ಅಂತೆ?” ನನಗೂ ಗೊತ್ತಾಗಲಿಲ್ಲ.

ಇದರ ಮೇಲೆ ವಾಟ್ಸಾಪಲ್ಲಿ ಒಂದು ಸಂದೇಶ: ಎಂಫಿಸೀಮಾ ಇದ್ದೋರಿಗೆ ಬಿಪಿ ಬರೋದು ಸಂಶೋಧನೆಯಿಂದ ಸಾಬೀತಾಗಿದೆ, ಮನೇಲಿ ಆಕ್ಸಿಜನ್ ಇಟ್ಕೊಂಡ್ರೆ ಎರಡೂ ವಾಸಿ ಅಂತ. ನಿಜಾನಾ? ಕಾನ್ಸನ್‌ಟ್ರೇಟರ್ (ಮನೇಲೇ ಆಕ್ಸಿಜನ್ ಕೊಡೋ ಮೆಷಿನ್) ತರೋಣ ಅಂತ ತಮ್ಮ ಒಂದೇ ಸಮನೆ ಹೇಳ್ತಿದ್ದಾನೆ. ನಮ್ಮಲ್ಲಿ ಆಷಾಢದಲ್ಲಿ ಕರೆಂಟು ಹೋದ್ರೆ ಬರೋದು ಯಾವಾಗ ಅಂತ ದೇವರಿಗೂ ಗೊತ್ತಿಲ್ಲ. ಕಾಲು ಪಾದದ ಹತ್ತಿರ ಸಂಜೆ ಹೊತ್ತಿಗೆ ಸ್ವಲ್ಪ ಊದುತ್ತೆ, ಅದನ್ನೂ ಹೇಳಿಬಿಡ್ತೀನಿ. ತಿಳಿದವರು ಯಾರಾದ್ರೂ ಬಿಡಿಸಿ ಹೇಳಿ.

ಕರಿಮೆಣಸು_ಬಳ್ಳಿ:

ನಮ್ಮ ಮಾವನಿಗೂ ಇದೇ. ಬೀಡಿ ಬಿಟ್ಟಿದ್ದು ಒಳ್ಳೇದಾಯ್ತು. ಉಳಿದಿದ್ದು ತಂತಾನೇ ಸರಿ ಹೋಗುತ್ತೆ, ಹೆದರಬೇಡಿ. ಬೆಳಗ್ಗೆ ಬೆಳ್ಳುಳ್ಳಿ ಎರಡು ಎಸಳು ಕೊಡಿ.

ನಿವೃತ್ತ_ಸಿಸ್ಟರ್_ಮಡಿಕೇರಿ:

ತಮ್ಮಾ, ಬೆಳ್ಳುಳ್ಳಿ ಸಾರಿಗೆ ಹಾಕಿ. ನಾನು ಎದೆರೋಗದ ವಾರ್ಡಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಡಾಕ್ಟರಲ್ಲ. ಅದನ್ನ ಮನಸ್ಸಲ್ಲಿಟ್ಟುಕೊಂಡು ಓದಿ.

ನಿಮ್ಮ ಅಪ್ಪ ಕೇಳಿದ್ದೇ ಸರಿಯಾದ ಪ್ರಶ್ನೆ. ಇಲ್ಲಿ ಎರಡು ಪ್ರೆಶರ್ ಇದೆ. ಹೃದಯದ ಎಡಭಾಗ ಮೈಗೆಲ್ಲ ರಕ್ತ ಕಳಿಸುತ್ತೆ. ತೋಳಿಗೆ ಪಟ್ಟಿ ಕಟ್ಟಿ ನೋಡೋದು ಆ ಕಡೆಯ ಒತ್ತಡ ಮಾತ್ರ. ಬಲಭಾಗ ಶ್ವಾಸಕೋಶಕ್ಕೆ ಕಳಿಸುತ್ತೆ. ಅಲ್ಲಿನ ಒತ್ತಡ ಬಹಳ ಕಡಿಮೆ, ಸರಾಸರಿ 14ರ ಹತ್ತಿರ. 20 ದಾಟಿದರೆ ಪಲ್ಮನರಿ ಹೈಪರ್‌ಟೆನ್ಷನ್ ಅಂತಾರೆ, ಮೊದಲು ಆ ಗೆರೆ 25 ಇತ್ತು. ತೋಳಿನ ಮೆಷಿನ್ ಎಷ್ಟು ದುಬಾರಿಯದಾದರೂ ಇದನ್ನ ತೋರಿಸೋದಿಲ್ಲ. ಹಾಗಾಗಿ ನಿಮ್ಮನೆ ಮೆಷಿನ್ನೂ ಸುಳ್ಳು ಹೇಳಿಲ್ಲ, ಡಾಕ್ಟರೂ ಹೇಳಿಲ್ಲ.

ನಿಮ್ಮ ರಿಪೋರ್ಟಿನ 46ನ್ನ ಈ 20ರ ಪಕ್ಕ ಇಟ್ಟು ಗಾಬರಿಯಾಗಬೇಡಿ. 20 ಅನ್ನೋದು ಸರಾಸರಿ. 46 ಅನ್ನೋದು ಹೃದಯ ಹಿಂಡಿದಾಗಿನ ಮೇಲಿನ ಅಂಕಿ. ಅದೂ ಅಳೆದದ್ದಲ್ಲ, ಬಲಗಡೆಯ ಕವಾಟದಲ್ಲಿ ಸೋರುವ ರಕ್ತದ ವೇಗ ನೋಡಿ ಕಟ್ಟಿದ ಅಂದಾಜು. ಎಂಫಿಸೀಮಾದಲ್ಲಿ ಎದೆ ತುಂಬ ಗಾಳಿ ಉಬ್ಬಿಕೊಂಡಿರುತ್ತೆ, ಎಕೋದ ಅಲೆ ಗಾಳಿಯಲ್ಲಿ ಸರಿಯಾಗಿ ದಾಟೋದಿಲ್ಲ, ಆದ್ದರಿಂದ ಈ ಅಂದಾಜು ಆಚೀಚೆ ಆಗುತ್ತೆ. ಖಚಿತವಾಗಿ ಬೇಕು ಅಂದರೆ ರಕ್ತನಾಳದೊಳಗಿಂದ ಸಣ್ಣ ನಳಿಕೆ ತೂರಿಸಿ ಹೃದಯದ ಬಲಭಾಗದಲ್ಲೇ ಅಳೀಬೇಕು. ಎಲ್ಲರಿಗೂ ಅದು ಬೇಕಾಗೋದಿಲ್ಲ.

ಎಂಫಿಸೀಮಾದಿಂದ ಆ ಬಲಗಡೆ ಒತ್ತಡ ಏಕೆ ಏರುತ್ತೆ ಅಂದರೆ, ಗಾಳಿಗೂಡುಗಳ ಗೋಡೆ ಕರಗಿ ಹೋಗುವಾಗ ಗೋಡೆಯಲ್ಲಿದ್ದ ಕೂದಲೆಳೆ ರಕ್ತನಾಳಗಳೂ ಅದರ ಜೊತೆ ಹೋಗುತ್ತವೆ. ತೋಟದಲ್ಲಿ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಹಾಕ್ತೀರಲ್ಲ, ಅರ್ಧ ಜೆಟ್ ಮುಚ್ಚಿಹೋಗಿ ಮೋಟಾರು ಅಷ್ಟೇ ನೀರು ದೂಡ್ತಾ ಇದ್ದರೆ ಪೈಪಿನೊಳಗೆ ಏನಾಗುತ್ತೋ ಹಾಗೆ. ಅದರ ಮೇಲೆ ಇನ್ನೊಂದಿದೆ. ಸ್ವೀಡನ್ನಿನ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ 1946ರಲ್ಲಿ ಬೆಕ್ಕುಗಳ ಮೇಲೆ ಮಾಡಿ ತೋರಿಸಿದ್ದು: ಆಮ್ಲಜನಕ ಕಡಿಮೆಯಾದರೆ ಶ್ವಾಸಕೋಶದ ರಕ್ತನಾಳ ಬಿಗಿದುಕೊಳ್ಳುತ್ತೆ. ಮೈಯ ಉಳಿದ ಕಡೆ ಇದಕ್ಕೆ ಉಲ್ಟಾ, ಅಲ್ಲಿ ಹಿಗ್ಗುತ್ತೆ. ಶ್ವಾಸಕೋಶ ಹೀಗೆ ಮಾಡೋದರಲ್ಲಿ ಒಂದು ಬುದ್ಧಿವಂತಿಕೆ ಇದೆ. ಗಾಳಿ ಬಾರದ ಮೂಲೆಗೆ ರಕ್ತ ಕಳಿಸಿ ಏನು ಪ್ರಯೋಜನ? ಗಾಳಿ ಇರೋ ಕಡೆಗೆ ತಿರುಗಿಸುತ್ತೆ. ಆದರೆ ಎಲ್ಲ ಕಡೆಯೂ ಗಾಳಿ ಕಡಿಮೆಯಾದಾಗ ಎಲ್ಲ ನಾಳವೂ ಬಿಗಿಯುತ್ತೆ, ಬಲಹೃದಯ ಒದ್ದಾಡುತ್ತೆ.

ಇನ್ನು ವಾಟ್ಸಾಪ್ ಮಾತು. ಅದು ಮಾಮೂಲಿ ಬಿಪಿ ಬಗ್ಗೆ. ಎಂಫಿಸೀಮಾ ಮತ್ತು ಬಿಪಿ ಒಬ್ಬರಲ್ಲೇ ಇರೋದು ತೀರಾ ಸಾಮಾನ್ಯ. ವಯಸ್ಸು, ಹೊಗೆ, ಮೈಯೊಳಗಿನ ಉರಿಯೂತ ಎಲ್ಲ ಎರಡಕ್ಕೂ ಗೊಬ್ಬರ ಹಾಕುತ್ತವೆ. ಸಂಶೋಧನೆ ನಡೆದಿರೋದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಎಡಿನ್‌ಬರೋದವರು 2007ರಲ್ಲಿ ಸಿಒಪಿಡಿ (ಎಂಫಿಸೀಮಾನೂ ಸೇರಿದ, ಉಸಿರಾಟ ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿಗಳನ್ನ ನೋಡಿದಾಗ, ಸ್ಕ್ಯಾನಲ್ಲಿ ಎಂಫಿಸೀಮಾ ಜಾಸ್ತಿ ಇದ್ದಷ್ಟೂ ರಕ್ತನಾಳ ಹೆಚ್ಚು ಪೆಡಸಾಗಿತ್ತು. ಎಷ್ಟು ಸೇದಿದ್ದಾರೆ ಅನ್ನೋದನ್ನ ಲೆಕ್ಕಕ್ಕೆ ಹಿಡಿದ ಮೇಲೂ ಆ ನಂಟು ಉಳೀತು. ಶ್ವಾಸಕೋಶಕ್ಕೂ ದೊಡ್ಡ ರಕ್ತನಾಳಕ್ಕೂ ಹಿಗ್ಗಿ ಕುಗ್ಗುವ ಗುಣ ಕೊಡೋದು ಎಲಾಸ್ಟಿನ್ ಅನ್ನೋ ಎಳೆ. ಅದು ಒಂದು ಕಡೆ ಹಾಳಾಗ್ತಿರುವ ಮೈಯಲ್ಲಿ ಇನ್ನೊಂದು ಕಡೆಯೂ ಹಾಳಾಗ್ತಿರಬಹುದು ಅನ್ನೋದು ಊಹೆ. ನಾಳ ಪೆಡಸಾದರೆ ಬಿಪಿಯ ಮೇಲಿನ ಅಂಕಿ ಏರುತ್ತೆ. ಅಮೆರಿಕದಲ್ಲಿ 2,816 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನ 2010ರಲ್ಲಿ ಬಂತು. ಅವರಲ್ಲಿ ಹೆಚ್ಚಿನವರಿಗೆ ದೊಡ್ಡ ಕಾಯಿಲೆಯೇನೂ ಇರಲಿಲ್ಲ. ಆದರೂ ಎಂಫಿಸೀಮಾ ಹೆಚ್ಚಿದಷ್ಟೂ ಎಡಹೃದಯಕ್ಕೆ ತುಂಬುವ ರಕ್ತ ಕಡಿಮೆ, ಆಚೆ ಹೋಗುವ ರಕ್ತವೂ ಕಡಿಮೆ. ಈಗಲೂ ಸೇದ್ತಾ ಇದ್ದವರಲ್ಲಿ ಇದು ಇನ್ನೂ ಗಟ್ಟಿಯಾಗಿ ಕಂಡಿತು.

ಇವೆಲ್ಲ ನಂಟು ತೋರಿಸುತ್ತವೆ, ಅಷ್ಟೆ. ಒಂದು ಇನ್ನೊಂದನ್ನ ಹುಟ್ಟಿಸುತ್ತೆ ಅಂತ ಸಾಬೀತು ಮಾಡಿಲ್ಲ. ಸಾಬೀತಾಗಿದೆ ಅಂತ ವಾಟ್ಸಾಪಲ್ಲಿ ಬರೆದವರಿಗೆ ಯಾರೂ ಪರೀಕ್ಷೆ ಇಟ್ಟಿಲ್ಲ ನೋಡಿ.

ಪುಷ್ಪಗಿರಿ_ತಪ್ಪಲು:

ಸಿಸ್ಟರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಅಪ್ಪನಿಗೆ ಓದಿ ಹೇಳಿದೆ. ಸ್ಪ್ರಿಂಕ್ಲರ್ ಮಾತು ಕೇಳಿ “ಹಂಗಾದ್ರೆ ಜೆಟ್ ಬಿಚ್ಚಿ ತೊಳೆಯೋಕೆ ಆಗಲ್ವಾ” ಅಂದ್ರು. ಬೆರಳಿಗೆ ಹಾಕಿ ಆಮ್ಲಜನಕ ನೋಡೋ ಆಕ್ಸಿಮೀಟರಲ್ಲಿ ಮನೇಲಿ ಕೂತಾಗ 92, 93 ತೋರಿಸುತ್ತೆ. ಮೈಸೂರಲ್ಲಿ 95 ಇತ್ತು. ಮೆಷಿನ್ ಕೆಟ್ಟಿದೆಯಾ?

ಹಾರಂಗಿ_ದಡ:

ನಮ್ಮ ಚಿಕ್ಕಪ್ಪನಿಗೆ ಶ್ವಾಸಕೋಶದ ಬಿಪಿ ಅಂತ ಸಿಲ್ಡೆನಾಫಿಲ್ ಕೊಟ್ಟಿದ್ರು, ಅವರು ಆರಾಮಾಗಿದ್ದಾರೆ. ಮೆಡಿಕಲ್ ಶಾಪಲ್ಲಿ ಸಿಗುತ್ತೆ, ಕೇಳಿ ನೋಡಿ.

ನಿವೃತ್ತ_ಸಿಸ್ಟರ್_ಮಡಿಕೇರಿ:

@ಹಾರಂಗಿ_ದಡ, ದಯವಿಟ್ಟು ಹೀಗೆ ಬರೀಬೇಡಿ. ನಿಮ್ಮ ಚಿಕ್ಕಪ್ಪನಿಗೆ ಇದ್ದದ್ದು ಬೇರೆ ಬಗೆಯದಿರಬಹುದು, ಪಲ್ಮನರಿ ಹೈಪರ್‌ಟೆನ್ಷನ್‌ನಲ್ಲಿ ಐದು ಗುಂಪು ಇವೆ. ಎಂಫಿಸೀಮಾದಿಂದ ಬಂದದ್ದಕ್ಕೆ ಆ ಮಾತ್ರೆ ಸಾಮಾನ್ಯವಾಗಿ ಕೊಡೋದಿಲ್ಲ. ಬೆಕ್ಕಿನ ಪ್ರಯೋಗ ಹೇಳಿದ್ನಲ್ಲ, ಗಾಳಿ ಬಾರದ ಮೂಲೆಗೆ ರಕ್ತ ಹೋಗದ ಹಾಗೆ ನಾಳ ತಾನೇ ಬಿಗಿದುಕೊಂಡಿರುತ್ತೆ. ಮಾತ್ರೆ ಕೊಟ್ಟು ಅದನ್ನೆಲ್ಲ ಸಡಿಲಿಸಿದರೆ ರಕ್ತ ಆ ಮೂಲೆಗೂ ಸುತ್ತಾಡಿ ಆಮ್ಲಜನಕ ಇಲ್ಲದೆ ವಾಪಸ್ ಬರುತ್ತೆ. ಮೈಯಲ್ಲಿ ಆಮ್ಲಜನಕ ಇನ್ನೂ ಇಳೀಬಹುದು.

ತಮ್ಮಾ, ಮೆಷಿನ್ ಕೆಟ್ಟಿರಲಿಕ್ಕಿಲ್ಲ. ನಮ್ಮ ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಮೇಲಿದೆ, ನಿಮ್ಮ ಕಡೆಯೂ ಗುಡ್ಡವೇ. ಮೈಸೂರು 700 ಚಿಲ್ಲರೆ. ಎತ್ತರ ಹೋದಷ್ಟೂ ಗಾಳಿ ತೆಳು. ಗಟ್ಟಿ ಎದೆಯವರಿಗೆ ಇದು ಲೆಕ್ಕಕ್ಕಿಲ್ಲ, ಎಂಫಿಸೀಮಾದವರಿಗೆ ಒಂದೆರಡು ಅಂಕಿ ಇಳೀಬಹುದು. ಜೊತೆಗೆ ನಮ್ಮ ಮಳೆಗಾಲದಲ್ಲಿ ಬೆರಳು ಮಂಜುಗಡ್ಡೆ ಆಗಿರುತ್ತೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಐದು ನಿಮಿಷ ಸುಮ್ಮನೆ ಕೂರಿಸಿ, ಅಂಕಿ ನಿಂತ ಮೇಲೆ ಬರೆದುಕೊಳ್ಳಿ.

ಈ ಅಂಕಿಗೆ ಕಾನ್ಸನ್‌ಟ್ರೇಟರ್ ತರೋಕೆ ಓಡಬೇಡಿ. ಆಕ್ಸಿಜನ್ ಯಾರಿಗೆ ಆಯಸ್ಸು ಕೊಡುತ್ತೆ ಅನ್ನೋದು ಹಳೇ ಕಾಲದಿಂದ ಗೊತ್ತಿರೋ ವಿಷಯ. ಬ್ರಿಟನ್ನಿನಲ್ಲಿ 1981ರಲ್ಲಿ 87 ಜನರ ಮೇಲಿನ ಪರೀಕ್ಷೆಯ ಫಲಿತಾಂಶ ಬಂತು. ರಕ್ತದಲ್ಲಿ ಆಮ್ಲಜನಕ ತುಂಬಾ ಇಳಿದವರು ಅವರು. ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಪಡೆದ 42 ಮಂದಿಯಲ್ಲಿ 5 ವರ್ಷದೊಳಗೆ 19 ಜನ ತೀರಿಕೊಂಡರು, ಪಡೆಯದ 45ರಲ್ಲಿ 30 ಜನ. ದೊಡ್ಡ ವ್ಯತ್ಯಾಸ ಅದು. ಆದರೆ 2016ರಲ್ಲಿ ಅಮೆರಿಕದಲ್ಲಿ 738 ಜನರ ಮೇಲೆ, ಆಮ್ಲಜನಕ ಸ್ವಲ್ಪವೇ ಇಳಿದವರ ಮೇಲೆ, ಅಂದರೆ ಕೂತಾಗ 89ರಿಂದ 93ರೊಳಗೆ ಇದ್ದವರು ಅಥವಾ ನಡೆದಾಗ ಮಾತ್ರ ಇಳಿಯುತ್ತಿದ್ದವರ ಮೇಲೆ ನೋಡಿದಾಗ ಆಯಸ್ಸಿಗೂ ಆಸ್ಪತ್ರೆ ಸೇರೋದಕ್ಕೂ ಏನೂ ಫರಕ್ ಕಾಣಲಿಲ್ಲ. ಸಾಮಾನ್ಯವಾಗಿ ಕೂತಾಗಲೇ 88 ಅಥವಾ ಅದಕ್ಕಿಂತ ಕೆಳಗೆ ನಿಂತರೆ, ರಕ್ತದ ಪರೀಕ್ಷೆ ಮಾಡಿ ಬರೆದುಕೊಡ್ತಾರೆ. ಬಲಹೃದಯ ಸೋತಿದ್ದರೆ ಗೆರೆ ಸ್ವಲ್ಪ ಮೇಲಕ್ಕೆ ಬರುತ್ತೆ, ಅದಕ್ಕೇ ಎಕೋ ರಿಪೋರ್ಟ್ ಜೊತೆಗಿಟ್ಟು ಡಾಕ್ಟರನ್ನ ಕೇಳಿ. ಸುಮ್ಮನೆ ತಂದು ಜೋರಾಗಿ ಬಿಟ್ಟರೆ ಕೆಲವರಿಗೆ ಇಂಗಾಲದ ಡೈಆಕ್ಸೈಡ್ ಒಳಗೇ ಸೇರಿಕೊಂಡು ಮಂಪರು ಬರುತ್ತೆ. ನೂರಕ್ಕೆ ನೂರು ತೋರಿಸಬೇಕು ಅಂತ ಮನೆಯವರು ತಿರುಗಿಸಿಟ್ಟದ್ದನ್ನ ವಾರ್ಡಲ್ಲಿ ನಾನು ಎಷ್ಟು ಸಲ ತಗ್ಗಿಸಿದ್ದೀನೋ! ಆಕ್ಸಿಜನ್ ಹಾಕಿದಾಗ ಇಂಥವರಿಗೆ ಗುರಿ 88ರಿಂದ 92 ಅಷ್ಟೇ.

ಪಾದದ ಊತ ನೀವು ಕೊನೆಗೆ ಹೇಳಿದ್ರಿ, ನಾನಾಗಿದ್ರೆ ಅದನ್ನೇ ಮೊದಲು ಹೇಳ್ತಿದ್ದೆ. ಆಮ್ಲೋಡಿಪಿನ್‌ನಿಂದಲೂ ಪಾದ ಊದುತ್ತೆ, ಬಲಹೃದಯ ಸೋತರೂ ಊದುತ್ತೆ. ನೋಡಿದ್ರೆ ಎರಡೂ ಒಂದೇ ಥರ. ಯಾವುದು ಅಂತ ಕುತ್ತಿಗೆಯ ರಕ್ತನಾಳ, ಲಿವರ್ ಕಡೆ, ತೂಕ ಎಲ್ಲ ನೋಡಿ ಡಾಕ್ಟರೇ ಹೇಳಬೇಕು. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಬೆಳಗ್ಗೆ ತೂಕ ಬರೆದಿಡಿ. ನಾಲ್ಕಾರು ದಿನದಲ್ಲಿ ಎರಡು ಕಿಲೋ ಏರಿದ್ರೆ ಕಾಯಬೇಡಿ.

ಪುಷ್ಪಗಿರಿ_ತಪ್ಪಲು:

ಬೇರೆ ಬಿಪಿ ಮಾತ್ರೆಗೆ ಬದಲಾಯಿಸಿದ್ರೆ ದಮ್ಮಿಗೆ ತೊಂದರೆ ಆಗುತ್ತಾ? ಕೆಲವು ಆಗಲ್ಲ ಅಂತ ಕೇಳಿದ್ದೆ. ಇನ್ನೊಂದು, ಅಪ್ಪ ಮೈಕೈ ನೋವಿಗೆ ಡೈಕ್ಲೋಫೆನಾಕ್ ತಗೋತಾರೆ, ಅಂಗಡಿಯಿಂದ ತಂದು.

ನಿವೃತ್ತ_ಸಿಸ್ಟರ್_ಮಡಿಕೇರಿ:

ಆ ಡೈಕ್ಲೋಫೆನಾಕ್ ಉಪ್ಪು ನೀರನ್ನ ಮೈಯಲ್ಲೇ ಹಿಡಿದಿಡುತ್ತೆ. ಬಿಪಿ ಏರಿಸುತ್ತೆ, ಊತವನ್ನೂ ಹೆಚ್ಚಿಸುತ್ತೆ. ಡಾಕ್ಟರಿಗೆ ಇದನ್ನ ಹೇಳಿದ್ದೀರಾ? ಹೇಳಿರಲ್ಲ. ಎಲ್ಲ ಮನೆಯಲ್ಲೂ ‘ಅದು ಬರೀ ನೋವಿನ ಮಾತ್ರೆ’ ಅಲ್ವಾ. ಮೂಗು ಕಟ್ಟಿದಾಗಿನ ಶೀತದ ಮಾತ್ರೆಗಳಲ್ಲೂ ಬಿಪಿ ಏರಿಸೋವು ಇರ್ತವೆ. ದಮ್ಮು ಜೋರಾದಾಗ ಕೊಡೋ ಸ್ಟೀರಾಯ್ಡ್ ಕೋರ್ಸಲ್ಲೂ ಏರುತ್ತೆ, ಅದು ಬೇಕಾಗಿ ಕೊಡೋದು, ಆ ದಿನಗಳಲ್ಲಿ ಬಿಪಿ ಎರಡು ಸಲ ನೋಡಿ.

ಬದಲಾಯಿಸೋ ವಿಷಯ: ಪ್ರೊಪ್ರನಾಲೋಲ್ ಶ್ವಾಸನಾಳ ಬಿಗಿಸುತ್ತೆ. ಅದನ್ನ ಕೈನಡುಕ, ತಲೆನೋವಿಗೂ ಬರೀತಾರೆ, ಆದ್ದರಿಂದ ಬೇರೆ ಡಾಕ್ಟರ ಹತ್ತಿರ ಹೋದಾಗ ಎಂಫಿಸೀಮಾ ಇದೆ ಅಂತ ಮೊದಲೇ ಹೇಳಿ. ಬಿಸೊಪ್ರೊಲೋಲ್, ಮೆಟೊಪ್ರೊಲೋಲ್ ಹೆಚ್ಚಾಗಿ ಹೃದಯಕ್ಕೇ ಹತ್ತೋವು, ಹೃದಯಕ್ಕೆ ಬೇಕಿದ್ದರೆ ಕೊಡ್ತಾರೆ. ರಾಮಿಪ್ರಿಲ್, ಎನಲಾಪ್ರಿಲ್ ಕೆಲವರಿಗೆ ಒಣಕೆಮ್ಮು ತರುತ್ತೆ. ಕೆಮ್ಮೋ ಮನುಷ್ಯನಿಗೆ ಇನ್ನೊಂದು ಕೆಮ್ಮು ಬಂದ್ರೆ ಯಾವುದಕ್ಕೆ ಯಾವ ಔಷಧಿ ಅಂತ ಹುಡುಕೋದೇ ಆಗುತ್ತೆ.

ಉಪ್ಪು ಕೇಳಿಲ್ಲ ನೀವು, ಆದರೂ ಹೇಳ್ತೀನಿ. ಮಳೆಗಾಲದ ಒಣಮೀನು, ಕಾಡುಮಾವಿನ ಉಪ್ಪಿನಕಾಯಿ. ನಾನೂ ಬಿಡಲ್ಲ, ನಿಮ್ಮಪ್ಪನಿಗೆ ಕಡಿಮೆ ಮಾಡಿ.

@ಕರಿಮೆಣಸು_ಬಳ್ಳಿ, ಬೀಡಿ ಬಿಟ್ಟರೆ ಕರಗಿದ ಗಾಳಿಗೂಡು ವಾಪಸ್ ಬರಲ್ಲ. ಮುಂದೆ ಹಾಳಾಗೋ ವೇಗ ಮಾತ್ರ ತಗ್ಗುತ್ತೆ. ಅದೇ ದೊಡ್ಡದು.

ಕರಿಮೆಣಸು_ಬಳ್ಳಿ:

ಸರಿ ಸಿಸ್ಟರ್. ನಮ್ಮ ಅತ್ತೆ ಬೀಡಿ ಮುಟ್ಟಿದವರಲ್ಲ, ಅವರಿಗೂ ಮಾವನ ಹಾಗೇ ಏದುಸಿರು. ಅದ್ಯಾಕೆ?

ನಿವೃತ್ತ_ಸಿಸ್ಟರ್_ಮಡಿಕೇರಿ:

ಸೌದೆ ಒಲೆ ಇದೆಯಾ? ಬಚ್ಚಲ ಹಂಡೆಗೆ ಬೆಂಕಿ ಹಾಕೋದು ಅವರೇನಾ? ಮಳೆಗಾಲದಲ್ಲಿ ಒದ್ದೆ ಸೌದೆ ಊದಿ ಊದಿ, ಕಿಟಕಿ ಮುಚ್ಚಿಕೊಂಡು ಕೂತವರಿಗೆ ಬೀಡಿ ಬೇಕಾಗೋದಿಲ್ಲ. ಸಿಒಪಿಡಿಗೆ ಹೊಗೆ ಯಾವುದಾದರೂ ಸಾಕು. ಮಾವನನ್ನ ಕರ್ಕೊಂಡು ಹೋಗುವಾಗ ಅವರನ್ನೂ ಕರ್ಕೊಂಡು ಹೋಗಿ ಸ್ಪೈರೋಮೆಟ್ರಿ (ಊದಿ ನೋಡೋ ಉಸಿರಿನ ಪರೀಕ್ಷೆ) ಮಾಡಿಸಿ. ಬಿಪಿನೂ ನೋಡಿಸಿ. ಮನೆಯ ಗಂಡಸಿನ ದಮ್ಮಿಗೆ ಮೈಸೂರು, ಹೆಂಗಸಿನ ದಮ್ಮಿಗೆ ಕಷಾಯ ಅಂತ ನಮ್ಮಲ್ಲಿ ನಡೆದುಬಂದಿದೆ, ಹೇಳದೇ ಇರೋಕಾಗಲ್ಲ.

ಪುಷ್ಪಗಿರಿ_ತಪ್ಪಲು:

ಸೋಮವಾರ ಮತ್ತೆ ಹೋಗ್ತಿದ್ದೀವಿ. ಡೈಕ್ಲೋಫೆನಾಕ್ ಚೀಟಿ, ತೂಕದ ಪಟ್ಟಿ, ಎಕೋ ಎಲ್ಲ ಒಂದು ಕವರಲ್ಲಿ ಹಾಕಿದೀನಿ. ಅಮ್ಮನೂ ಬರ್ತಾರೆ. ಹಂಡೆ ಒಲೆ ಅವರದ್ದೇ.

ನಿವೃತ್ತ_ಸಿಸ್ಟರ್_ಮಡಿಕೇರಿ:

ಪಂಪನ್ನೂ ಕವರಿಗೆ ಹಾಕಿ. ಅಪ್ಪ ಹೇಗೆ ಎಳೀತಾರೆ ಅಂತ ಡಾಕ್ಟರ ಮುಂದೆ ಒಂದು ಸಲ ಎಳೆದು ತೋರಿಸಲಿ, ಅರ್ಧಕ್ಕರ್ಧ ಜನ ಔಷಧಿಯನ್ನ ನಾಲಿಗೆಗೆ ಕೊಟ್ಟು ಬರ್ತಾರೆ. ಫ್ಲೂ ಮತ್ತು ನ್ಯೂಮೋನಿಯಾ ಲಸಿಕೆ ಆಗಿದೆಯಾ ಅಂತ ಕೇಳಿ, ಮಳೆ ಶುರುವಾಗೋ ಮೊದಲೇ.