ರಿಸ್ಟೋರ್, ರಿಕವರ್ ಎರಡಕ್ಕೂ ಮರುಪಡೆ ಅಂದ್ರೆ ಹೇಗೆ?

ಎಲ್ರಿಗೂ ನಮಸ್ಕಾರ, ಒಂದು ಸಹಕಾರ ಸಂಘದ ಸಿಬ್ಬಂದಿಗೆ ಕನ್ನಡದಲ್ಲಿ ಕೈಪಿಡಿ ಬರೀತಾ ಇದೀನಿ, ಸರ್ವರ್ ಡಿಸ್ಕುಗಳೋ, ಅವನ್ನ ಒಟ್ಟಿಗೆ ನಡೆಸೋ ರೇಡ್ ಕಂಟ್ರೋಲರೋ ಕೈಕೊಟ್ರೆ ಡೇಟಾಬೇಸನ್ನ ಮತ್ತೆ ಎಬ್ಬಿಸೋದು ಹೇಗೆ ಅಂತ. ಎರಡು ಪದದ ಹತ್ರ ಗಾಡಿ ನಿಂತಿದೆ.

ರಿಸ್ಟೋರ್ ಮತ್ತು ರಿಕವರ್. ನಾನು ನೋಡಿದ ಕಡೆ ಎರಡಕ್ಕೂ ಮರುಪಡೆ, ಮರುಸ್ಥಾಪಿಸು ಅಂತ ಅದಲುಬದಲು ಹಾಕಿದಾರೆ. ಫೋನಲ್ಲಿ ಅಳಿಸಿದ ಫೋಟೋಗೆ ಇದು ನಡೆಯುತ್ತೆ, ಇಲ್ಲಿ ನಡೆಯಲ್ಲ. ಒರಾಕಲ್ ಡೇಟಾಬೇಸಿನ ಬ್ಯಾಕಪ್ ಸಾಧನ ಆರ್‌ಮ್ಯಾನ್‌ನಲ್ಲಿ ಇವು ಬೇರೆ ಬೇರೆ ಕಮಾಂಡು. ಮೊದಲನೇದು ಬ್ಯಾಕಪ್ ಫೈಲುಗಳನ್ನ ತಂದು ಜಾಗಕ್ಕೆ ಹಾಕುತ್ತೆ, ಬ್ಯಾಕಪ್ ಭಾನುವಾರ ರಾತ್ರಿ ತೆಗೆದಿದ್ದಾಗಿದ್ದು ಅಷ್ಟಕ್ಕೇ ಬಿಟ್ರೆ ನಿಮ್ಮ ಡೇಟಾ ಭಾನುವಾರ ರಾತ್ರೀದು. ಎರಡನೇದು ಆಮೇಲೆ ನಡೆದಿದ್ದನ್ನೆಲ್ಲ ಲಾಗ್‌ನಿಂದ (ಪ್ರತಿ ಬದಲಾವಣೇನೂ ಬರೆದಿಡೋ ಫೈಲು) ಓದಿ ಒಂದೊಂದಾಗಿ ಹತ್ತಿಸುತ್ತೆ, ಮಷೀನ್ ಬುಧವಾರ ಮಧ್ಯಾಹ್ನ ಸತ್ತಿದ್ರೆ ಅಲ್ಲೀವರೆಗೂ. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸಲ್ಲೂ 2005ರ 8.0 ಆವೃತ್ತಿಯಿಂದ ಇದಿದೆ, ಇಂಥ ಹೊತ್ತಿಗೆ ನಿಲ್ಲು ಅಂತಾನೂ ಹೇಳಬಹುದು. (ಲಾಗನ್ನೂ ಅದೇ ಡಿಸ್ಕಲ್ಲೇ ಇಟ್ಟಿದ್ರೆ ಯಾವ ಪದ ಹಾಕಿದ್ರೂ ಒಂದೇ ಬಿಡಿ.)

ಮೊದಲನೇದಕ್ಕೆ ‘ವಾಪಸ್ ಹಾಕೋದು’ ಸಾಕು ಅನ್ಸುತ್ತೆ. ಎರಡನೇದಕ್ಕೆ ಒಬ್ಬರು ‘ಚೇತರಿಕೆ’ ಅಂದ್ರು, ಆದ್ರೆ ಚೇತರಿಸ್ಕೊಳ್ಳೋದು ತಾನಾಗೇ ಆಗೋದು, ಯಾರೋ ಕೂತು ಮಾಡೋ ಕೆಲಸ ಅಲ್ಲ. ಕರೆಂಟ್ ಹೋಗಿ ಬಂದಾಗ ಡೇಟಾಬೇಸ್ ತಾನೇ ಸರಿಮಾಡ್ಕೊಳ್ಳುತ್ತಲ್ಲ, ಆ ಕ್ರ್ಯಾಶ್ ರಿಕವರಿಗೆ ಬೇಕಾದ್ರೆ ಒಪ್ಪುತ್ತೆ.

ನನಗೆ ಹೊಳೆದಿದ್ದು ಲೆಕ್ಕದ ಪುಸ್ತಕದ ಮಾತು. ಸಂಘದೋರಿಗೆ ಕಿರ್ದಿ (ದಿನದ ಲೆಕ್ಕದ ಪುಸ್ತಕ), ಖತಾವಣಿ (ಖಾತೆ ಪುಸ್ತಕ) ಗೊತ್ತು, ವ್ಯವಹಾರ ಮೊದಲು ಕಿರ್ದಿಗೆ, ಆಮೇಲೆ ಖಾತೆಗೆ. ಡೇಟಾಬೇಸ್ ಮಾಡೋದೂ ಅದನ್ನೇ: ಬದಲಾವಣೆ ಲಾಗ್‌ಗೆ ಬಿದ್ದು ಡಿಸ್ಕಲ್ಲಿ ಗಟ್ಟಿಯಾದ್ಮೇಲೇ ಕಮಿಟ್ ಆಯ್ತು, ಅಂದ್ರೆ ಪಕ್ಕಾ ಆಯ್ತು ಅನ್ನುತ್ತೆ, ಟೇಬಲ್ ಫೈಲಿಗೆ ನಿಧಾನಕ್ಕೆ ಬರ್ಕೊಳ್ಳುತ್ತೆ. ಹಾಗಾಗಿ ಲಾಗ್‌ಗೆ ‘ಕಿರ್ದಿ’, ರಿಕವರ್‌ಗೆ ‘ಕಿರ್ದಿ ಏರಿಸೋದು’ ಅಂದ್ರೆ? ತೊಂದ್ರೆ ಏನಂದ್ರೆ ಸಂಘದ ನಿಜವಾದ ಕಿರ್ದಿನೂ ಆ ಡೇಟಾಬೇಸ್ ಒಳಗೇ ಇದೆ, ‘ಕಿರ್ದಿ ಏರಿಸಿ’ ಅಂತ ಓದಿ ಯಾರಾದ್ರೂ ವೋಚರ್ ಕಟ್ಟು ಬಿಚ್ಕೊಂಡು ಕೂತ್ರೆ ಕಷ್ಟ.

‘ಲಾಗ್ ಏರಿಸೋದು’ ಅಂತ ಬೆರಕೆ ಮಾಡಿದ್ರೆ ಕಿವಿಗೆ ಹೇಗಿದೆ? ಮತ್ತೆ ನಿಮ್ಮ ಕಡೆ ಕಿರ್ದಿಯಿಂದ ಖಾತೆಗೆ ಬರೆಯೋದಕ್ಕೆ ಏರಿಸು ಅಂತಾರೋ, ಖತಾಯಿಸು ಅಂತಾರೋ, ಬೇರೇನೋ? ಅಂಗಡಿ, ಮಂಡಿ, ಸೊಸೈಟಿ ಲೆಕ್ಕ ಬರೆದೋರು ಯಾರಾದ್ರೂ ಇದ್ರೆ ತಿಳಿಸಿ.